ಸಿಪ್ಪೆಯ ಗುಡ್ಡೆ

ನಾನು ಕಲಾವಿಭಾಗದ ವಿದ್ಯಾರ್ಥಿ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ—ಇವು ನಾನು ಓದುತ್ತ ಬಂದ ವಿಷಯಗಳು. ಅಂಥವನು ರಸಾಯನಶಾಸ್ತ್ರದ ಬಾಗಿಲು ತಟ್ಟಿದರೆ ವಿಜ್ಞಾನ ಓದುವ ಗೆಳೆಯರಿಗೆ ಅದು ಅಧಿಕಪ್ರಸಂಗವೆಂದು ತೋರಬಹುದು. ತೋರಲಿ. ಅಡಿಕೆಯ ಸಿಪ್ಪೆಗೆ ಬಿ.ಎ., ಬಿ.ಎಸ್ಸಿ. ಎಂಬ ಭೇದ ತಿಳಿಯದು. ಆ ಸಿಪ್ಪೆಯ ಗುಡ್ಡೆಯ ಪಕ್ಕದಲ್ಲಿ ಕುಳಿತು ಕಾಗುಣಿತ ಕಲಿತವನಿಗೆ ಅದರ ವಿಷಯವಾಗಿ ನಾಲ್ಕು ಮಾತು ಬರೆಯುವ ಅಧಿಕಾರವಾದರೂ ಇರಬೇಕಷ್ಟೆ.

ನಮ್ಮ ಹಳ್ಳಿ ಸಾಗರದಿಂದ ಜೋಗಕ್ಕೆ ಹೋಗುವ ದಾರಿಯಲ್ಲಿ, ತಾಳಗುಪ್ಪ ದಾಟಿ ಒಳಕ್ಕೆ ಸರಿದರೆ ಸಿಕ್ಕುತ್ತದೆ. ನಮಗೆ ಸ್ವಂತ ತೋಟವಿಲ್ಲ. ಅಪ್ಪ ಕೊನೆ ಕೊಯ್ಯುವ ಕೆಲಸಕ್ಕೆ ಹೋಗುತ್ತಾರೆ. ಅಮ್ಮ ಸುಗ್ಗಿಯಲ್ಲಿ ಯಜಮಾನರ ಮನೆಯ ಅಂಗಳದಲ್ಲಿ ಅಡಿಕೆ ಸುಲಿಯುತ್ತಾಳೆ. ದೀಪಾವಳಿ ಕಳೆದು ಚಳಿ ಇಳಿಯತೊಡಗಿತೆಂದರೆ ಸಂಜೆಯಿಂದ ನಡುರಾತ್ರಿಯವರೆಗೂ ಮೆಟ್ಟುಗತ್ತಿಯ ಮುಂದೆ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ಕೂರುತ್ತಾರೆ. ಸುಲಿದ ಅಡಿಕೆಗೆ ಡಬ್ಬದ ಲೆಕ್ಕದಲ್ಲಿ ಕೂಲಿ. ಹಸಿ ಅಡಿಕೆಯ ಚೊಗರಿಗೆ ಕೈ ಕಪ್ಪಾಗಿ, ಆ ಕಪ್ಪು ಯುಗಾದಿಯವರೆಗೂ ಹೋಗುವುದಿಲ್ಲ. ಒಂದು ಬದಿಯಲ್ಲಿ ಸುಲಿದ ಅಡಿಕೆ ಡಬ್ಬಕ್ಕೆ ಬಿದ್ದರೆ, ಇನ್ನೊಂದು ಬದಿಯಲ್ಲಿ ಸಿಪ್ಪೆ ಗುಡ್ಡೆಯಾಗಿ ಏಳುತ್ತದೆ. ಡಬ್ಬಕ್ಕೆ ಲೆಕ್ಕವಿದೆ, ಗುಡ್ಡೆಗೆ ಲೆಕ್ಕವಿಲ್ಲ. ಈಚೆಗೆ ಸುಲಿಯುವ ಯಂತ್ರಗಳು ಬಂದಿವೆ. ಯಂತ್ರ ಬಂದ ಮನೆಯಲ್ಲಿ ಹೆಂಗಸರ ಸಾಲು ಚಿಕ್ಕದಾಯಿತು, ಗುಡ್ಡೆ ಮಾತ್ರ ಚಿಕ್ಕದಾಗಲಿಲ್ಲ.

ಆ ಗುಡ್ಡೆ ಏನಾಗುತ್ತದೆ? ಸ್ವಲ್ಪ ಭಾಗ ಒಣಗಿ ಅಡಿಕೆ ಬೇಯಿಸುವ ಒಲೆಗೂ ಬಚ್ಚಲ ಒಲೆಗೂ ಹೋಗುತ್ತದೆ. ಸ್ವಲ್ಪ ಗೊಬ್ಬರದ ಗುಂಡಿಗೆ, ಸ್ವಲ್ಪ ತೋಟದ ಮರಗಳ ಬುಡಕ್ಕೆ. ಉಳಿದದ್ದನ್ನು ರಸ್ತೆಯ ಬದಿಗೆ ಸುರಿದು ಬೆಂಕಿ ಹಚ್ಚುತ್ತಾರೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆ ಮಾಘದ ಮುಂಜಾನೆ ಬಸ್ಸಿನಲ್ಲಿ ಬಂದವರಿಗೆಲ್ಲ ಆ ಹೊಗೆಯ ಪರಿಚಯವಿದೆ. ಮಂಜೆಂದು ಭ್ರಮಿಸಿ ಪದ್ಯ ಬರೆದವರೂ ನಮ್ಮಲ್ಲಿ ಇದ್ದಾರು!

ಈ ಹೊಗೆಯಾಗಿ ಹೋಗುವ ವಸ್ತುವಿನಿಂದ ಎಣ್ಣೆ, ಮದ್ಯಸಾರ, ಅಂಟು, ಬಣ್ಣ, ಔಷಧದ ಮೂಲದ್ರವ್ಯ ಎಲ್ಲವನ್ನೂ ತೆಗೆಯಬಹುದೆಂದು ಓದಿದಾಗ ನನಗೆ ಮೊದಲು ನಂಬಿಕೆ ಬರಲಿಲ್ಲ. ಆದರೆ ಮರ, ಹುಲ್ಲು, ಸಿಪ್ಪೆ, ಕಬ್ಬಿನ ರಚ್ಚು, ಎಲ್ಲದರ ಮೈಕಟ್ಟೂ ಒಂದೇ. ನಮ್ಮ ಹಳೆಯ ತಟ್ಟಿಗೋಡೆಯನ್ನು ನೆನೆದುಕೊಂಡರೆ ಸಾಕು. ನೆಟ್ಟ ಗಳುಗಳಿರುವ ಹಾಗೆ ಸೆಲ್ಯುಲೋಸ್ ಎಂಬ ಉದ್ದನೆಯ ಎಳೆ. ಗಳುಗಳನ್ನು ಬಿಗಿದ ಬಳ್ಳಿಯ ಹಾಗೆ ಹೆಮಿಸೆಲ್ಯುಲೋಸ್. ಮೇಲೆ ಮೆತ್ತಿದ ಮಣ್ಣಿನ ಹಾಗೆ ಲಿಗ್ನಿನ್. ಮೊದಲೆರಡೂ ಸಕ್ಕರೆಯ ಅಣುಗಳನ್ನೇ ಪೋಣಿಸಿದ ಸರಗಳು. ಅಂದಮೇಲೆ ಸರವನ್ನು ಬಿಚ್ಚಿದರೆ ಸಕ್ಕರೆ. ಸಕ್ಕರೆಯನ್ನು ಹುಳಿಯಿಸಿದರೆ ಮದ್ಯಸಾರ. ಮಾತಿಗೆ ಇಷ್ಟು ಸುಲಭ. ಬಿಚ್ಚುವುದು ಸುಲಭವಾಗಿದ್ದರೆ ಮರಗಳು ಮಲೆನಾಡಿನ ಮಳೆಗೆ ನೂರು ವರ್ಷ ನಿಲ್ಲುತ್ತಿರಲಿಲ್ಲ, ಮೊದಲ ಆಷಾಢದಲ್ಲೇ ಕರಗಿ ಹೊಳೆ ಸೇರುತ್ತಿದ್ದವು.

ಇಲ್ಲಿ ಬರುತ್ತದೆ ಕ್ರಿಯಾವರ್ಧಕ. ಕೆಟಲಿಸ್ಟ್ ಎಂದು ಪ್ರಯೋಗಶಾಲೆಯಲ್ಲಿ ಕರೆಯುತ್ತಾರೆ. ಈ ಕ್ರಿಯೆಗೆ ೧೮೩೫ರಲ್ಲಿ ಹೆಸರಿಟ್ಟವನು ಸ್ವೀಡನ್ನಿನ ಬರ್ಜೀಲಿಯಸ್. ತಾನು ಮುಗಿದುಹೋಗದೆ, ಇತರ ವಸ್ತುಗಳ ನಡುವಣ ಕ್ರಿಯೆಯನ್ನು ಚುರುಕುಗೊಳಿಸುವ ವಸ್ತು ಎಂಬುದು ಅದರ ಲಕ್ಷಣ. ಇದನ್ನು ಮದುವೆಯ ದಲ್ಲಾಳಿಗೆ ಹೋಲಿಸುವ ವಾಡಿಕೆಯುಂಟಂತೆ; ನನಗೆ ಘಟ್ಟದ ಹೋಲಿಕೆಯೇ ಹೆಚ್ಚು ಹಿಡಿಸುತ್ತದೆ. ಸಾಗರ ಎಲ್ಲಿದೆಯೋ ಅಲ್ಲಿಯೇ ಇರುತ್ತದೆ, ಹೊನ್ನಾವರವೂ ಇದ್ದಲ್ಲೇ ಇರುತ್ತದೆ. ನಡುವೆ ಇರುವ ಗುಡ್ಡವನ್ನು ನೆತ್ತಿಯ ಮೇಲಿನಿಂದಲೇ ಹತ್ತಿ ಇಳಿಯಬೇಕಾದರೆ ಹತ್ತು ಜನರಲ್ಲಿ ಒಬ್ಬನು ಸೇರಿಯಾನು. ತಗ್ಗಿನಲ್ಲಿ ಒಂದು ದಾರಿ ಕಡಿದುಕೊಟ್ಟರೆ ಗಾಡಿಗಳ ಸಾಲೇ ಹರಿಯುತ್ತದೆ. ಕ್ರಿಯಾವರ್ಧಕ ಮಾಡುವುದು ಆ ದಾರಿ ಕಡಿಯುವ ಕೆಲಸ. ಊರುಗಳ ಎತ್ತರವನ್ನು ಅದು ಬದಲಿಸಲಾರದು. ಮತ್ತೆ, ಒಂದು ಗುಡ್ಡಕ್ಕೆ ಹಲವು ದಾರಿಗಳಿದ್ದರೆ ಯಾವ ದಾರಿ ಕಡಿದೆವು ಎಂಬುದರ ಮೇಲೆ ನಾವು ಹೊನ್ನಾವರ ಸೇರುತ್ತೇವೋ ಭಟ್ಕಳ ಸೇರುತ್ತೇವೋ ಎಂಬುದೂ ನಿಶ್ಚಯವಾಗುತ್ತದೆ. ಅಡಿಗೆಮನೆಯಲ್ಲಿ ವನಸ್ಪತಿ ತುಪ್ಪ ಬಳಸಿದವರೆಲ್ಲ ನಿಕ್ಕೆಲ್ ಲೋಹ ಕಡಿದ ದಾರಿಯಲ್ಲಿ ಎಣ್ಣೆ ಗಟ್ಟಿಯಾಗಿ ಬಂದದ್ದನ್ನೇ ತಿಂದವರು.

ಕಾಡಿನ ಮರದಿಂದ ರಾಸಾಯನಿಕಗಳನ್ನು ತೆಗೆಯುವ ಕೆಲಸ ನಮ್ಮ ಜಿಲ್ಲೆಗೆ ಹೊಸತೇನಲ್ಲ. ನೂರು ವರ್ಷಗಳ ಹಿಂದೆಯೇ ಭದ್ರಾವತಿಯಲ್ಲಿ ಅದು ನಡೆದಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ರೂಪುಗೊಂಡ ಮೈಸೂರು ಕಬ್ಬಿಣದ ಕಾರ್ಖಾನೆಯ ಕೆಲಸ ೧೯೧೮ರಲ್ಲಿ ಮೊದಲಾಗಿ, ೧೯೨೩ರ ಜನವರಿಯಲ್ಲಿ ಊದುಕುಲುಮೆ ಹೊತ್ತಿತು. ಕೆಮ್ಮಣ್ಣುಗುಂಡಿಯಲ್ಲಿ ಅದುರಿತ್ತು, ಆದರೆ ಮೈಸೂರು ಸಂಸ್ಥಾನದಲ್ಲಿ ಕಲ್ಲಿದ್ದಲು ಇರಲಿಲ್ಲ. ಬಂಗಾಳ ಬಿಹಾರಗಳ ಕಡೆಯಿಂದ ತರಿಸಿದರೆ ಸಾಗಣೆಯ ಖರ್ಚೇ ಕಬ್ಬಿಣವನ್ನು ನುಂಗುತ್ತಿತ್ತು. ಇದ್ದದ್ದು ಕಾಡು. ಆದ್ದರಿಂದ ಮರದ ಇದ್ದಿಲಿನಿಂದಲೇ ಕಬ್ಬಿಣ ಕರಗಿಸುವುದೆಂದು ನಿಶ್ಚಯಿಸಿದರು. ಇದ್ದಿಲಿನಲ್ಲಿ ಗಂಧಕ ಬಹಳ ಕಡಮೆಯಾದ್ದರಿಂದ ಕಬ್ಬಿಣವೂ ಒಳ್ಳೆಯದಾಗಿ ಬರುತ್ತಿತ್ತು.

ಇದ್ದಿಲನ್ನು ನಮ್ಮ ಕಡೆಯವರು ಸುಡುವಂತೆ ಮಣ್ಣು ಮುಚ್ಚಿದ ಗೂಡಿನಲ್ಲಿ ಸುಡಬಹುದಿತ್ತು. ಹಾಗೆ ಮಾಡಿದರೆ ಮರದ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆಯಾಗಿ ಹೋಗುತ್ತದೆ. ಭದ್ರಾವತಿಯಲ್ಲಿ ಹೊಗೆಯನ್ನೂ ಬಿಡಲಿಲ್ಲ. ಗಾಳಿಯಾಡದ ಕಬ್ಬಿಣದ ಪೆಟ್ಟಿಗೆಗಳಲ್ಲಿ ಮರವನ್ನು ಕಾಯಿಸಿ, ಎದ್ದ ಆವಿಯನ್ನು ತಂಪುಗೊಳಿಸಿ, ಬಟ್ಟಿ ಇಳಿಸಿದರು. ಅದರಿಂದ ಮರದ ಮದ್ಯಸಾರ ಅಂದರೆ ಮೆಥನಾಲ್ ಬಂತು; ಹುಳಿಯ ಭಾಗವನ್ನು ಸುಣ್ಣಕ್ಕೆ ಕಟ್ಟಿ ಕ್ಯಾಲ್ಸಿಯಂ ಅಸಿಟೇಟ್ ಮಾಡಿದರು; ಟಾರು ಬಂತು. ನಮ್ಮ ಅಜ್ಜನ ಅಪ್ಪ ಯೌವನದಲ್ಲಿ ಎರಡು ಬೇಸಗೆ ಈ ಕಾರ್ಖಾನೆಗೆ ಮರ ಕಡಿಯುವ ಗುತ್ತಿಗೆದಾರನ ಕೈಕೆಳಗೆ ಹೋಗಿದ್ದರಂತೆ. ತಾವು ಕಡಿದ ಮರ ಕಬ್ಬಿಣವಾಯಿತೆಂಬುದು ಅವರಿಗೆ ಗೊತ್ತಿತ್ತು. ಅದೇ ಮರ ಸೀಸೆಯಲ್ಲಿ ತುಂಬುವ ನೀರಿನಂಥ ದ್ರವವೂ ಆಯಿತೆಂದು ಯಾರಾದರೂ ಅವರಿಗೆ ಹೇಳಿದ್ದರೋ ಇಲ್ಲವೋ. ನಮ್ಮ ಮನೆಯಲ್ಲಿ ಓದುಬರಹ ಬಂದದ್ದು ಅಪ್ಪನ ಕಾಲಕ್ಕೆ, ಅದೂ ನಾಲ್ಕನೆಯ ಇಯತ್ತೆಯವರೆಗೆ.

ಇತಿಹಾಸದ ವಿದ್ಯಾರ್ಥಿಯಾಗಿ ನನ್ನನ್ನು ಬಹುವಾಗಿ ಕಾಡಿದ ಸಂಗತಿ ಇನ್ನೊಂದಿದೆ. ಭದ್ರಾವತಿಯ ಕುಲುಮೆ ಹೊತ್ತಿದ ಅದೇ ೧೯೨೩ರಲ್ಲಿ, ಜರ್ಮನಿಯ ಲಾಯ್ನಾ ಎಂಬಲ್ಲಿ ಬಿ.ಎ.ಎಸ್.ಎಫ್. ಕಂಪನಿ ಮರದ ಹಂಗಿಲ್ಲದೆ ಮೆಥನಾಲನ್ನು ತಯಾರಿಸಲು ಮೊದಲುಮಾಡಿತು. ಇಂಗಾಲದ ಮೊನಾಕ್ಸೈಡು ಮತ್ತು ಜಲಜನಕ ಎಂಬ ಎರಡು ಅನಿಲಗಳನ್ನು ಹೆಚ್ಚಿನ ಒತ್ತಡದಲ್ಲಿ ಸತು ಮತ್ತು ಕ್ರೋಮಿಯಂಗಳ ಆಕ್ಸೈಡುಗಳ ಮೇಲೆ ಹಾಯಿಸಿದರೆ ಮೆಥನಾಲ್! ಆ ಆಕ್ಸೈಡುಗಳೇ ಕ್ರಿಯಾವರ್ಧಕ. ಕಾಡೊಂದನ್ನು ಕಡಿದು, ಒಣಗಿಸಿ, ಹೊತ್ತು, ಕಾಯಿಸಿ ಪಡೆಯುತ್ತಿದ್ದ ದ್ರವ ಅಲ್ಲಿ ಕೊಳವೆಯಿಂದ ಹರಿಯತೊಡಗಿತು. ಜಗತ್ತಿನ ಮರ ಬಟ್ಟಿಯ ಕಾರ್ಖಾನೆಗಳಿಗೆಲ್ಲ ಅದು ಮುಂದೆ ಮುಳುವಾಯಿತು. ಇತ್ತ ೧೯೪೮ರಲ್ಲಿ ಜೋಗದ ವಿದ್ಯುದಾಗಾರ ಆರಂಭವಾಗಿ, ೧೯೫೦ರ ದಶಕದಲ್ಲಿ ಭದ್ರಾವತಿಗೆ ವಿದ್ಯುತ್ ಕುಲುಮೆಗಳು ಬಂದವು. ಶರಾವತಿಯ ನೀರೇ ಕಾವು ಕೊಡುವಾಗ ಇದ್ದಿಲು ಬೇಕಾದದ್ದು ಅದುರಿನಿಂದ ಆಮ್ಲಜನಕವನ್ನು ಕೀಳಲಿಕ್ಕೆ ಮಾತ್ರ. ಕಾಡಿಗೆ ಅಷ್ಟರಮಟ್ಟಿಗೆ ಉಸಿರು ಬಂತು. ಆ ಉಸಿರಿಗಾಗಿ ಶರಾವತಿಯ ದಡದವರು ೧೯೬೪ರ ಲಿಂಗನಮಕ್ಕಿಯವರೆಗೆ ಏನೇನು ಬಿಟ್ಟುಕೊಟ್ಟರೆಂಬುದು ನಮ್ಮ ಕಾಲೇಜಿನಲ್ಲಿ ಅನೇಕರ ಮನೆಯ ಕಥೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಬರಿಯ ಕಾವಿಗೂ ಕ್ರಿಯಾವರ್ಧಕಕ್ಕೂ ಇರುವ ವ್ಯತ್ಯಾಸ ನನಗೆ ಮನದಟ್ಟಾದದ್ದು ಅಮ್ಮನ ಮೆಟ್ಟುಗತ್ತಿಯಿಂದ. ಕಲ್ಲಿನಿಂದ ಜಜ್ಜಿದರೂ ಅಡಿಕೆಯ ಸಿಪ್ಪೆ ಬಿಡುತ್ತದೆ, ಆದರೆ ಒಳಗಿನ ಕಾಯಿ ನುಚ್ಚಾಗುತ್ತದೆ. ಅಮ್ಮ ಕಾಯಿಗೆ ಗೀರೂ ಬೀಳದಂತೆ ಮೂರು ಏಟಿನಲ್ಲಿ ಸಿಪ್ಪೆ ಬಿಡಿಸುತ್ತಾಳೆ. ಭದ್ರಾವತಿಯ ಪೆಟ್ಟಿಗೆಗಳು ಜಜ್ಜುವ ಜಾತಿಯವು: ಸಿಕ್ಕಿದ ಬಂಧವನ್ನೆಲ್ಲ ಕಾವು ಒಡೆದುಹಾಕಿ, ಬಂದಷ್ಟು ಬಂತು ಎನ್ನುತ್ತಿದ್ದವು. ಒಳ್ಳೆಯ ಕ್ರಿಯಾವರ್ಧಕ ಒಡೆಯಬೇಕಾದ ಒಂದೇ ಬಂಧವನ್ನು ಹುಡುಕಿ ಒಡೆಯುತ್ತದೆ.

ಇದನ್ನು ಕಣ್ಣಾರೆ ನೋಡುವ ಅವಕಾಶವೂ ಒದಗಿತು. ಹಾಸ್ಟೆಲಿನಲ್ಲಿ ನನ್ನ ಕೊಠಡಿಯ ಗೆಳೆಯ ಬೇರೊಂದು ಕಾಲೇಜಿನ ಬಿ.ಎಸ್ಸಿ. ವಿದ್ಯಾರ್ಥಿ. ಸಂಕ್ರಾಂತಿಯ ರಜೆ ಮುಗಿಸಿ ಬರುವಾಗ ಒಂದು ಚೀಲ ಒಣ ಸಿಪ್ಪೆ ತಾ ಎಂದ. ಬಸ್ಸಿನ ಕಂಡಕ್ಟರು “ಇದನ್ನೂ ಪೇಟೆಗೆ ಒಯ್ಯುವ ಕಾಲ ಬಂತೇನಪ್ಪಾ?” ಎಂದು ಕೇಳಿದ್ದು ನೆನಪಿದೆ. ಅವರ ಮೇಷ್ಟ್ರು ದೊಡ್ಡ ಮನಸ್ಸಿನಿಂದ ಒಪ್ಪಿ, ತಾವೇ ಪಕ್ಕದಲ್ಲಿ ನಿಂತರು. ಸಿಪ್ಪೆಯನ್ನು ಸಣ್ಣಗೆ ಕತ್ತರಿಸಿ, ಗಾಜಿನ ಕುಪ್ಪಿಯಲ್ಲಿ ಹಾಕಿ, ನೀರು ಬೆರೆಸಿದ ಹೈಡ್ರೋಕ್ಲೋರಿಕ್ ಆಮ್ಲ ಹೊಯ್ದು ಕುದಿಯಲಿಟ್ಟರು. ಸ್ವಲ್ಪ ಹೊತ್ತಿಗೆ ಕಹಿ ಬಾದಾಮಿಯ ಹಾಗೆ ಒಂದು ವಾಸನೆ ಎದ್ದಿತು. ಅನಿಲೀನ್ ಅಸಿಟೇಟಿನಲ್ಲಿ ಅದ್ದಿದ ಬಿಳಿಯ ಕಾಗದದ ಚೂರನ್ನು ಇಕ್ಕುಳದಿಂದ ಹಿಡಿದು ಆವಿಗೆ ಒಡ್ಡಿದರು. ನೋಡುತ್ತಿದ್ದಂತೆಯೇ ಕಾಗದ ಕೆಂಪಗಾಯಿತು! ಎಲೆಅಡಿಕೆ ಹಾಕಿಕೊಂಡವರ ತುಟಿಯ ಕೆಂಪು. “ಇದು ಫರ್ಫ್ಯುರಾಲ್. ಆಮ್ಲ ಇದ್ದ ಹಾಗೇ ಇದೆ, ಅದು ಖರ್ಚಾಗಲಿಲ್ಲ, ಹೆಮಿಸೆಲ್ಯುಲೋಸನ್ನು ಮೊದಲು ಸಕ್ಕರೆ ಮಾಡಿ, ಆ ಸಕ್ಕರೆಯಿಂದ ನೀರನ್ನು ಹಿಂಡಿ ತೆಗೆಯಿತು, ಅಷ್ಟೆ” ಎಂದರು ಮೇಷ್ಟ್ರು. ಕಲಾವಿಭಾಗದವನಿಗೂ ಅರ್ಥವಾಗುವ ಹಾಗೆ ಹೇಳಿದ ಆ ಒಂದು ವಾಕ್ಯಕ್ಕೆ ನಾನು ಅವರಿಗೆ ಋಣಿ.

ಫರ್ಫರ್ ಎಂದರೆ ಲ್ಯಾಟಿನ್ ಭಾಷೆಯಲ್ಲಿ ತೌಡು ಎಂದು ಅರ್ಥ. ತೌಡಿನ ಎಣ್ಣೆ ಎಂಬುದೇ ಅದರ ಹೆಸರು. ೧೯೨೨ರಲ್ಲಿ ಅಮೆರಿಕದ ಅಯೋವಾ ಸೀಮೆಯ ಸೀಡರ್ ರ‍್ಯಾಪಿಡ್ಸ್ ಪಟ್ಟಣದಲ್ಲಿ ಕ್ವೇಕರ್ ಓಟ್ಸ್ ಕಂಪನಿಯವರು ಓಟಿನ ಹೊಟ್ಟಿನಿಂದ ಇದನ್ನು ವ್ಯಾಪಾರದ ಪ್ರಮಾಣದಲ್ಲಿ ತೆಗೆಯಲು ಆರಂಭಿಸಿದರು. ಅವರ ಬಳಿ ಇದ್ದದ್ದು ಏನು? ಕಾಳು ತೆಗೆದು ಉಳಿದ ಹೊಟ್ಟಿನ ಗುಡ್ಡೆ, ಕೆಲಸವಿಲ್ಲದೆ ನಿಂತ ಕೆಲವು ಹಂಡೆಗಳು. ಇಂದು ಫರ್ಫ್ಯುರಾಲಿನಿಂದ ಎರಕದ ಅಚ್ಚಿನ ಮರಳನ್ನು ಕಚ್ಚಿ ಹಿಡಿಯುವ ಅಂಟು ಮಾಡುತ್ತಾರೆ, ಯಂತ್ರದ ಎಣ್ಣೆಯನ್ನು ಶುದ್ಧಿಮಾಡುತ್ತಾರೆ. ಜಗತ್ತಿಗೆ ಬೇಕಾದದ್ದರಲ್ಲಿ ಬಹುಭಾಗ ಚೀನಾದಲ್ಲಿ ಜೋಳದ ದಿಂಡಿನಿಂದ ತಯಾರಾಗುತ್ತದೆ.

ಆಮ್ಲ, ಲೋಹ ಇವೆರಡರ ಜೊತೆಗೆ ಮೂರನೆಯ ಬಗೆಯ ಕ್ರಿಯಾವರ್ಧಕವಿದೆ. ಅದು ಜೀವಿಗಳ ಮೈಯಲ್ಲಿ ಹುಟ್ಟುವ ಕಿಣ್ವ. ಎರಡನೆಯ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ದ್ವೀಪಗಳಿಗೆ ಹೋದ ಅಮೆರಿಕದ ಸೈನಿಕರ ಡೇರೆಗಳೂ ಬಟ್ಟೆಗಳೂ ತಿಂಗಳೊಪ್ಪತ್ತಿನಲ್ಲಿ ಕೊಳೆತು ಹರಿಯತೊಡಗಿದವು. ಶ್ರಾವಣದಲ್ಲಿ ಪೆಟ್ಟಿಗೆಯೊಳಗಿನ ಚರ್ಮದ ಚಪ್ಪಲಿಗೂ ಬೂಷ್ಟು ಹತ್ತಿಸಿಕೊಳ್ಳುವ ನಮಗೆ ಇದರಲ್ಲಿ ಅತಿಶಯವೇನೂ ಕಾಣದು. ಆದರೆ ಅವರು ಆ ಬೂಷ್ಟನ್ನು ಹಿಡಿದು ಪ್ರಯೋಗಶಾಲೆಗೆ ಒಯ್ದರು. ಎಲ್ವಿನ್ ರೀಸ್ ಮತ್ತು ಮೇರಿ ಮ್ಯಾಂಡೆಲ್ಸ್ ಎಂಬ ವಿಜ್ಞಾನಿಗಳು ಅದರ ಮೇಲೆ ಬಹುಕಾಲ ದುಡಿದರು. ಬಟ್ಟೆಯ ಸೆಲ್ಯುಲೋಸನ್ನು ಸಕ್ಕರೆಯಾಗಿ ಬಿಚ್ಚುವ ಕಿಣ್ವವನ್ನು ಅದು ಧಾರಾಳವಾಗಿ ಸ್ರವಿಸುತ್ತಿತ್ತು. ಆ ಬೂಷ್ಟಿಗೆ ಈಗ ರೀಸ್ ಅವರ ಹೆಸರೇ ಇದೆ: ಟ್ರೈಕೋಡರ್ಮಾ ರೀಸಿ. ನಮ್ಮ ತೋಟಗಾರರು ಅಡಿಕೆಮರದ ಬುಡದ ರೋಗಕ್ಕೆ ಬೇವಿನ ಹಿಂಡಿಯಲ್ಲಿ ಬೆರೆಸಿ ಹಾಕುವ ಟ್ರೈಕೋಡರ್ಮಾ ಇದರ ದಾಯಾದಿ.

೨೦೨೨ರ ಆಗಸ್ಟಿನಲ್ಲಿ ಹರಿಯಾಣದ ಪಾಣಿಪತ್ತಿನಲ್ಲಿ ಇಂಡಿಯನ್ ಆಯಿಲ್ ಕಂಪನಿಯ ಒಂದು ಕಾರ್ಖಾನೆ ಉದ್ಘಾಟನೆಯಾಯಿತು. ವರ್ಷಕ್ಕೆ ೨ ಲಕ್ಷ ಟನ್ ಬತ್ತದ ಹುಲ್ಲನ್ನು ಕಿಣ್ವಗಳಿಂದ ಬಿಚ್ಚಿ ೩ ಕೋಟಿ ಲೀಟರಿನಷ್ಟು ಎಥನಾಲ್ ತೆಗೆಯಬೇಕೆಂಬುದು ಅದರ ಉದ್ದೇಶ. ೨೦೨೫ರ ಹೊತ್ತಿಗೆ ನಮ್ಮ ದೇಶದಲ್ಲಿ ಪೆಟ್ರೋಲಿಗೆ ಶೇಕಡಾ ೨೦ರಷ್ಟು ಎಥನಾಲ್ ಬೆರೆಸುವ ಮಟ್ಟ ತಲಪಿದ್ದೇವೆ. ಆದರೆ ಅದರಲ್ಲಿ ಬಹುಪಾಲು ಕಬ್ಬು, ಮೆಕ್ಕೆಜೋಳ, ಅಕ್ಕಿಗಳಿಂದ ಬಂದದ್ದು. ತಿನ್ನುವ ಕಾಳನ್ನು ಬಂಡಿಗೆ ಕುಡಿಸುವುದಕ್ಕಿಂತ ಸುಡುವ ಸಿಪ್ಪೆಯನ್ನು ಕುಡಿಸುವುದು ಮೇಲೆಂಬುದರಲ್ಲಿ ನನಗಂತೂ ಸಂದೇಹವಿಲ್ಲ. ಅನಿಲದ ದಾರಿಯೂ ಉಂಟು. ಎರಡನೆಯ ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ನಮ್ಮ ಘಟ್ಟಗಳಲ್ಲಿ ಇದ್ದಿಲಿನ ಗ್ಯಾಸಿನ ಬಸ್ಸುಗಳು ಓಡಿದವು. ಏರು ಬಂದಾಗ ಪ್ರಯಾಣಿಕರೇ ಇಳಿದು ತಳ್ಳಬೇಕಾಗುತ್ತಿತ್ತೆಂದು ಹಿರಿಯರು ಈಗಲೂ ನಗುತ್ತಾರೆ. ಆ ಗ್ಯಾಸಿನಲ್ಲಿದ್ದ ಮುಖ್ಯ ದಹ್ಯ ಅನಿಲಗಳು ಇಂಗಾಲದ ಮೊನಾಕ್ಸೈಡು, ಜಲಜನಕ ಇವೇ. ಲಾಯ್ನಾದಲ್ಲಿ ಮೆಥನಾಲ್ ಆದವೂ ಇವೇ ಎರಡು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಸೌದೆಯಿಂದಲೂ ಕೃಷಿಯ ಕಸದಿಂದಲೂ ಇಂಥ ಅನಿಲ ತೆಗೆಯುವ ಒಲೆಗಳ ಮೇಲೆ ದಶಕಗಳಿಂದ ಕೆಲಸ ಮಾಡುತ್ತಿದ್ದಾರೆ.

ಇಷ್ಟನ್ನೂ ಶಿವರಾತ್ರಿಗೆ ಊರಿಗೆ ಹೋದಾಗ ಅಮ್ಮನಿಗೆ ವಿವರಿಸಿದೆ. ಕಾಗದ ಕೆಂಪಾದ ಕಥೆ ಅವಳಿಗೆ ಹಿಡಿಸಿತು. ಕಪ್ಪುಗಟ್ಟಿದ ಕೈಯನ್ನು ಒಮ್ಮೆ ನೋಡಿಕೊಂಡು, “ಹೌದಾ ಮಗಾ? ಹಂಗಾರೆ ಸಿಪ್ಪೆಗೂ ರೇಟ್ ಬರ್ತದೆ ಅನ್ನು” ಎಂದಳು. ನಾನು ಉತ್ಸಾಹದಿಂದ ಹೌದೆಂದೆ. “ಹಂಗಾರೆ ನಮ್ ಬಚ್ಚಲೊಲೆಗೆ ಎಂತ ಹಾಕೂದು?”

ಅರ್ಥಶಾಸ್ತ್ರದ ತರಗತಿಯಲ್ಲಿ ನಾವು ಬೆಲೆಯಿಲ್ಲದ ಸರಕು ಎಂಬುದನ್ನು ಓದಿದ್ದೇವೆ. ಸುಲಿಯುವ ಹೆಂಗಸರು ಮನೆಗೆ ಮರಳುವಾಗ ಒಂದು ಹೆಡಿಗೆ ಒಣ ಸಿಪ್ಪೆಯನ್ನು ಹೊತ್ತು ತರುವುದು ನಮ್ಮೂರಲ್ಲಿ ನಡೆದುಬಂದ ರೂಢಿ. ಅದನ್ನು ಯಾರೂ ಕೊಡುವುದಿಲ್ಲ, ಯಾರೂ ಬೇಡವೆನ್ನುವುದಿಲ್ಲ. ಬೆಲೆ ಬಂದ ದಿನ ಅದು ಯಜಮಾನರ ಮಾಲು. ಯಜಮಾನರು ಕೆಟ್ಟವರೆಂದಲ್ಲ; ಕ್ವಿಂಟಾಲಿಗೆ ಇಷ್ಟು ಎಂದು ಲಾರಿಯವನು ಬಂದು ನಿಂತರೆ ಯಾರಾದರೂ ಗುಡ್ಡೆಯನ್ನು ತೂಗಿಸಿಯೇ ತೂಗಿಸುತ್ತಾರೆ. ಅಡಿಕೆ ಬೆಳೆಗಾರರಿಗೆ ಶಿವಮೊಗ್ಗದಲ್ಲಿ ೧೯೩೯ರಿಂದ ಮಾಮ್ಕೋಸ್ ಎಂಬ ಸಹಕಾರ ಸಂಘವಿದೆ. ದಲ್ಲಾಳಿಯ ಮುಂದೆ ಒಬ್ಬೊಬ್ಬನೇ ನಿಲ್ಲುವ ಕಷ್ಟ ಅವರಿಗೆ ತಪ್ಪಿತು. ಸುಲಿಯುವವರಿಗೆ ಅಂಥದ್ದಿಲ್ಲ. ನಾಳೆ ಸಿಪ್ಪೆಯನ್ನು ಕೊಳ್ಳುವ ಸಂಘವೊಂದು ಆಗುವುದಾದರೆ, ಸುಲಿದ ಡಬ್ಬದ ಲೆಕ್ಕಕ್ಕೆ ಸಿಪ್ಪೆಯ ಪಾಲನ್ನೂ ಸೇರಿಸಿ, ಆ ಹೆಂಗಸರಿಗೂ ಷೇರು ಕೊಟ್ಟು ಸದಸ್ಯರನ್ನಾಗಿ ಮಾಡುವುದು ಮೊದಲ ನಿಯಮವಾಗಬೇಕೆಂದು ನನ್ನ ಅಭಿಪ್ರಾಯ.

ಕಾಡಿನ ವಿಷಯದಲ್ಲಿಯೂ ಹೀಗೆಯೇ. ಕಾರ್ಖಾನೆಯ ಹಸಿವಿಗೆ ಸಿಪ್ಪೆ ಸಾಲದೆ ಹೋದರೆ ಅದು ಗುಡ್ಡದ ಕಡೆ ಕೈಚಾಚುತ್ತದೆ. ಕಾಗದದ ಕಾರ್ಖಾನೆಗಾಗಿ ಬೆಳೆಸಿದ ಅಕೇಶಿಯಾ ನೆಡುತೋಪುಗಳನ್ನು ನಮ್ಮ ಮೂರು ತಾಲ್ಲೂಕಿನವರೂ ನೋಡಿದ್ದಾರೆ. ಅದರ ಕೆಳಗೆ ಹುಲ್ಲು ಕಾಣುವುದು ಅಪರೂಪ, ದರಗು ಗೊಬ್ಬರಕ್ಕೆ ಬರುವುದಿಲ್ಲವೆಂದು ಹೆಂಗಸರು ಗುಡಿಸಲು ಹೋಗುವುದಿಲ್ಲ. ಬೇಡವೆಂದು ಜನ ಚಳವಳಿ ಹೂಡಿದ್ದು ಈಚಿನ ಮಾತು. ಭದ್ರಾವತಿಯ ಕುಲುಮೆಯ ಕಾಲದಲ್ಲಿ ಕೇಳದೆ ಬಿಟ್ಟ ಪ್ರಶ್ನೆಯನ್ನು ಈ ಸಲ ಕಾರ್ಖಾನೆಯ ಅಡಿಗಲ್ಲು ಹಾಕುವ ಮೊದಲೇ ಕೇಳಬಹುದು. ಸಿಪ್ಪೆ ಹತ್ತಿಯಂತೆ ಹಗುರ. ಲಾರಿ ತುಂಬಿದರೂ ಹೆಚ್ಚಿನಂಶ ಗಾಳಿಯನ್ನೇ ಹೊತ್ತಂತೆ. ಆದ್ದರಿಂದ ದೂರದ ದೊಡ್ಡ ಕಾರ್ಖಾನೆಗಿಂತ, ತಾಲ್ಲೂಕಿಗೊಂದು ಕಡೆ ಒಣಗಿಸಿ ಒತ್ತಿ ಇಟ್ಟಿಗೆ ಮಾಡುವ ವ್ಯವಸ್ಥೆಯಿಂದ ಮೊದಲುಮಾಡುವುದು ಜಾಣತನ. ಗೆಳೆಯನ ಮೇಷ್ಟ್ರದೂ ಇದೇ ಮತ.

ನಾನು ಮತ್ತೆ ಕಾಲೇಜಿಗೆ ಹೊರಡುವ ದಿನ, ಅಂಗಳದ ಮೂಲೆಯಲ್ಲಿ ಕುಳಿತು ಎಲ್ಲವನ್ನೂ ಕೇಳುತ್ತಿದ್ದ ಅಪ್ಪ ಬಾಯಿ ಬಿಟ್ಟರು. ಸಿಪ್ಪೆ ಸುಟ್ಟ ಬೂದಿಯನ್ನು ಅವರು ಪ್ರತಿವರ್ಷ ಹಿತ್ತಿಲ ಹತ್ತು ಬಾಳೆಯ ಬುಡಕ್ಕೆ ಹಾಕುತ್ತಾರೆ; ಅದರಲ್ಲಿ ಪೊಟ್ಯಾಷ್ ಇರುತ್ತದೆಂದು ಪುಸ್ತಕ ಹೇಳಿಕೊಡಬೇಕಾಗಿಲ್ಲ. “ಎಣ್ಣೆ ಅವರು ತೆಗ್ದುಕೊಳ್ಳಲಿ. ಬೂದಿ ವಾಪಸ್ ಕೊಡ್ತಾರಾ ಕೇಳು” ಎಂದರು. ಗೆಳೆಯನನ್ನು ಕೇಳಿದೆ. ಆಮ್ಲದಲ್ಲಿ ಕುದಿಸಿದರೆ ಆ ಪೊಟ್ಯಾಷ್ ಬಹುಮಟ್ಟಿಗೆ ನೀರಿಗಿಳಿಯುತ್ತದೆ, ಆಮ್ಲದ ಹುಳಿಯನ್ನು ಮುರಿದು ಆ ನೀರನ್ನು ತೋಟಕ್ಕೆ ಬಿಡಬಹುದೇ ಎಂಬುದನ್ನು ಅಳೆದು ನೋಡಬೇಕು ಎಂದ. ಒಂದು ಬಾಟಲಿಯಲ್ಲಿ ಅದನ್ನು ತುಂಬಿಟ್ಟು ಚೀಟಿ ಅಂಟಿಸಿದ್ದಾನೆ. ಪರೀಕ್ಷೆಗಳು ಮುಗಿದ ಮೇಲೆ ನೋಡೋಣವೆಂದು ಮೇಷ್ಟ್ರು ಒಪ್ಪಿಕೊಂಡಿದ್ದಾರೆ.